ಗೋಡೆಯಿಂದ ಒಂದು ಮಾರು ದೂರ

ಶರಾವತಿ ಅಕ್ಕೋರು ಯಾರಿಗೂ ಗಿಡ ಕೊಡುವವರಲ್ಲ. ಕಾರವಾರದ ಹಬ್ಬುವಾಡದಲ್ಲಿ ಈ ಸಂಗತಿ ಗೊತ್ತಿಲ್ಲದವರು ಇದ್ದರೆ ಅವರು ಮೊನ್ನೆ ಮೊನ್ನೆ ಬಾಡಿಗೆಗೆ ಬಂದವರೇ ಸೈ. ಕೇಳಲು ಬಂದವರನ್ನು ಅಕ್ಕೋರು ಒಳಗೆ ಕರೆಯುತ್ತಾರೆ, ಕೂರಿಸುತ್ತಾರೆ, ಚಹಾ ಕೂಡ ಕೊಡುತ್ತಾರೆ. ಆಮೇಲೆ ಹಿತ್ತಲಿಗೆ ಕರೆದೊಯ್ದು ಗೋಡೆಯ ಬದಿಗೆ ಸಾಲಾಗಿ ಇಟ್ಟ ಕುಂಡಗಳನ್ನು ತೋರಿಸಿ, "ನೋಡಿ ಆಯ್ತಲ್ಲ, ಇನ್ನು ಹೊರಡಿ" ಎನ್ನುತ್ತಾರೆ.

ಗಿಡವೆಂದರೆ ಗುಲಾಬಿಯೂ ಅಲ್ಲ, ಆರ್ಕಿಡ್ಡೂ ಅಲ್ಲ. ಗೇಣುದ್ದ ಬೆಳೆದರೆ ಹೆಚ್ಚು ಎನ್ನುವ ಡ್ರೊಸೆರಾ. ದಾರದಂಥ ಎಲೆ, ಎಲೆಯ ತುಂಬ ಕೂದಲು, ಒಂದೊಂದು ಕೂದಲಿನ ತುದಿಗೂ ಒಂದೊಂದು ಅಂಟಿನ ಹನಿ. ಇಬ್ಬನಿ ಎಂದು ನಂಬಿ ಬಂದು ಕೂತ ನುಸಿಯ ಕತೆ ಅಲ್ಲಿಗೇ ಮುಗಿಯಿತು. ಎಲೆ ಮೆಲ್ಲಗೆ ಮಡಚಿಕೊಂಡು ಅದನ್ನು ಕರಗಿಸಿ ಹೀರಿಕೊಳ್ಳುತ್ತದೆ. ನೋಡಲು ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಸೊಳ್ಳೆ ತಿಂತದಾ ಅಕ್ಕೋರೆ?"

"ಸೊಳ್ಳೆಗೆ ಪರದೆ ತಕ್ಕಳ್ಳಿ. ಇದು ಗಿಡ, ನಿಮ್ಮ ಮನೆ ಕೆಲಸದ ಆಳಲ್ಲ."

ಕೇಳಿದವರ ಮುಖ ಸಪ್ಪಗಾಗುತ್ತದೆ. ಅಕ್ಕೋರಿಗೆ ಅದರಿಂದ ಬೇಜಾರೇನೂ ಇಲ್ಲ. ಸುಂಕಸಾಳದಲ್ಲಿ ಹುಟ್ಟಿ, ಅಂಕೋಲೆಯ ಹೈಸ್ಕೂಲಿನಲ್ಲಿ ಕೂದಲು ಹಣ್ಣಾಗುವವರೆಗೆ ವಿಜ್ಞಾನ ಕಲಿಸಿ, ನಿವೃತ್ತಿಯಾದ ಮೇಲೆ ಗಂಡ ಪರಮೇಶ್ವರರ ಜೊತೆ ಹಬ್ಬುವಾಡಕ್ಕೆ ಬಂದು ನೆಲೆಸಿದವರು ಅವರು. ಪಾಠ ಮಾಡುವ ಶಾಲೆ ಬಿಟ್ಟರೇ ಹೊರತು ಜನರನ್ನು ಬೆಂಚಿನ ಮೇಲೆ ನಿಲ್ಲಿಸುವ ಚಟ ಬಿಡಲಿಲ್ಲ. ಊರಿನ ಗಿಡಪ್ರಿಯರದೊಂದು ವಾಟ್ಸಾಪ್ ಬಳಗವಿತ್ತು, ಅಕ್ಕೋರಿಗೆ ಅದೇ ಈಗ ತರಗತಿ. ಒಬ್ಬಾಕೆ ಸಬ್ಬಸಿಗೆ ಸಸಿಯ ಮೇಲೆ ನೀರು ಚಿಮುಕಿಸಿ ಫೋಟೋ ತೆಗೆದು "ನಮ್ಮನೆಯಲ್ಲೂ ಡ್ರೊಸೆರಾ" ಎಂದು ಹಾಕಿದಳು. "ಬಾಡುವ ಮೊದಲು ಸಾರಿಗೆ ಹಾಕಿ" ಎಂದು ಅಕ್ಕೋರು ಉತ್ತರಿಸಿದರು. ಇನ್ನೊಬ್ಬ ಮಹಾಶಯ ಆನ್‌ಲೈನಿನಲ್ಲಿ ಡ್ರೊಸೆರಾ ತರಿಸಿ, ಬುಡಕ್ಕೆ ಸೆಗಣಿ ಗೊಬ್ಬರ ಒತ್ತಿ, ದಿನಾ ನಲ್ಲಿ ನೀರು ಎರೆದು, ಅದು ಕಪ್ಪಗಾದಾಗ ಅಳುವ ಗೊಂಬೆಯ ಚಿತ್ರ ಕಳಿಸಿದ್ದ. ಬೋಳು ನೆಲದಲ್ಲಿ ತಿನ್ನಲು ಏನೂ ಸಿಗದೆಯೇ ಹುಳ ಹಿಡಿಯಲು ಕಲಿತ ಗಿಡ ಅದು. ಮಳೆನೀರು ಬಿಟ್ಟು ಬೇರೆ ನೀರು ತಾಗಬಾರದು, ಗೊಬ್ಬರವಂತೂ ವಿಷ. "ಹಸಿದವನ ಬಾಯಿಗೆ ಮೂಟೆ ತುರುಕಿ ಕೊಂದ್ರಿ. ಇನ್ನು ಅತ್ತು ಎಂತ ಉಪಯೋಗ?" ಎಂದು ಅವನಿಗೂ ಒಂದು ಬಿತ್ತು.

ಹೇಳಿದ್ದು ಸುಳ್ಳೇನಲ್ಲ. ಅದೇ ತಾನೇ ಸಂಕಟ? ತಪ್ಪು ಹೇಳುವವರನ್ನು ತಿದ್ದಬಹುದು. ಸರಿ ಹೇಳಿ ಹೇಳಿ ಮೂಗು ಮೇಲೇರಿದವರನ್ನು ತಿದ್ದುವವರು ಯಾರು?

ಅಕ್ಕೋರ ಹಿತ್ತಲಿನಲ್ಲಿ ಡ್ರೊಸೆರಾದ ಬಗೆಗಳು ಹಲವಿದ್ದವು. ನೆಲಕ್ಕಂಟಿ ನಾಣ್ಯದ ಹಾಗೆ ಹರಡುವ ಬರ್ಮಾನಿ, ಸೆಟೆದು ನಿಲ್ಲುವ ಇಂಡಿಕಾ, ಗುಡ್ಡದ ಮೇಲಿಂದ ತಂದದ್ದು, ಬಯಲಿನಿಂದ ತಂದದ್ದು. ಆದರೆ ಜೀವಕ್ಕೆ ಜೀವ ಎನ್ನುವಂತಿದ್ದದ್ದು ಒಂದೇ. ಹಟ್ಟಿಕೇರಿಯದು.

ಅದು ಸಿಕ್ಕಿದ್ದು ಹೀಗೆ. ಹಟ್ಟಿಕೇರಿಯಲ್ಲಿ ಯಾರದೋ ಮದುವೆ. ಊಟದ ಪಂಕ್ತಿಗೆ ಇನ್ನೂ ಹೊತ್ತಿತ್ತು. ಹೆಂಗಸರು ಸೀರೆಯ ಮಾತಿಗೆ ಕೂತರು. ಅಕ್ಕೋರಿಗೆ ಸೀರೆಯ ಮಾತೆಂದರೆ ತಲೆನೋವು. ಎದ್ದು ಮಂಟಪದ ಹಿಂದಿನ ಚಿರೆಕಲ್ಲಿನ ಕೆಂಪು ಬಂಡೆಬಯಲಿಗೆ ಹೋದರು. ಮಳೆ ಬಿಟ್ಟು ಬಿಸಿಲು ಸುಡುತ್ತಿದ್ದ ಕಾಲ. ನೀರು ಒಸರುವ ಕಲ್ಲಿನ ಬಿರುಕಿನಲ್ಲಿ, ಕಾಂಡದಿಂದ ಎಲೆಯ ತುದಿಯವರೆಗೆ ಕುಂಕುಮದ ಬಣ್ಣದ ಡ್ರೊಸೆರಾ ನಿಂತಿತ್ತು. ಇಂಡಿಕಾ ಹೌದು ಎಂದರೆ ಹೌದು, ಅಲ್ಲ ಎಂದರೆ ಅಲ್ಲ. ಏನೋ ಬೇರೆ ಇದೆ ಎಂದು ಅಕ್ಕೋರ ಕಣ್ಣಿಗೆ ಹೊಡೆಯಿತು. ಮಂಡಿಯೂರಿ, ಮದುವೆಯ ಸೀರೆ ಕೆಸರಾದರೂ ಲೆಕ್ಕಿಸದೆ, ಹತ್ತಿರದಿಂದ ಫೋಟೋ ತೆಗೆದರು. ಒಣಗಿದ ಬೀಜಕೋಶ ಕೆಲವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಇವರಿಲ್ಲದೆ ಪಂಕ್ತಿ ಎದ್ದಿತು, ಪರಮೇಶ್ವರರು ಒಬ್ಬರೇ ಹೋಳಿಗೆ ತಿಂದರು.

ಮುಂದಿನ ಮಳೆಗಾಲಕ್ಕೆ ಹೋಗಿ ನೋಡಿದರೆ ಬಯಲೇ ಇರಲಿಲ್ಲ. ಕಲ್ಲನ್ನು ಕೊರೆದು ಲಾರಿಗೆ ತುಂಬಿ, ಉಳಿದದ್ದಕ್ಕೆ ಮಣ್ಣು ಹೊಡೆದು ಸಪಾಟು ಮಾಡಿದ್ದರು. ಅಂದು ಅಕ್ಕೋರು ಬಸ್ಸಿನಲ್ಲಿ ಅತ್ತರು. ನಿಜವಾಗಿ ಅತ್ತರು. ಜಗತ್ತಿನಲ್ಲಿ ಹಟ್ಟಿಕೇರಿಯ ಡ್ರೊಸೆರಾ ಉಳಿದಿದ್ದರೆ ಅದು ತನ್ನ ಕುಂಡದಲ್ಲಿ ಮಾತ್ರ ಎಂಬ ಮಾತು ಅಂದಿನಿಂದ ಅವರ ಎದೆಯಲ್ಲಿ ಗಟ್ಟಿಯಾಗಿ ಕೂತಿತು. ಆ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಜಗಲಿಯಲ್ಲಿ ದೇವರ ಪಟಗಳ ಸಾಲಿಗೆ ತೂಗುಹಾಕಿದರು. ಒಂದು ದೀಪಾವಳಿಗೆ ಪಟಗಳಿಗೆಲ್ಲ ಮಾಲೆ ಹಾಕುತ್ತ ಬಂದ ಪರಮೇಶ್ವರರು ಮರೆತು ಅದಕ್ಕೂ ಒಂದು ಹಾಕಿಬಿಟ್ಟರು. ಬಂದ ನೆಂಟರು ಗಾಬರಿಯಾಗಿ, "ಯಾರು ತೀರ್ಕಂಡಿದ್ದು?" ಎಂದರು.

"ಹಟ್ಟಿಕೇರಿ" ಎಂದರು ಪರಮೇಶ್ವರರು.

ಇನ್ನು ಆ ಬೀಜ ಬೆಳೆಸಿದ ವೈಭವ ಕೇಳಬೇಕು. ಧೂಳಿನಂಥ ಬೀಜ, ಮಣ್ಣಿನ ಮೇಲೆ ಉದುರಿಸಬೇಕು, ಮುಚ್ಚಬಾರದು. ಅಂಗಡಿಯ ಮರಳೆಂದರೆ ಅಕ್ಕೋರಿಗೆ ಹೇಸಿಗೆ. ಉಪ್ಪಿರುತ್ತದಂತೆ, ಕಸವಿರುತ್ತದಂತೆ. ತವರೂರು ಸುಂಕಸಾಳದ ಹಳ್ಳದ ದಂಡೆಯಿಂದಲೇ ಮರಳು ಬರಬೇಕು. ಪರಮೇಶ್ವರರು ಅದನ್ನು ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ತರುತ್ತಿದ್ದರು. ಕಂಡಕ್ಟರ್ ಒಮ್ಮೆ, "ಕಾರವಾರದ ಸಮುದ್ರದಲ್ಲಿ ಮರಳು ತೀರಿ ಹೋಯ್ತಾ ಭಟ್ರೆ?" ಎಂದಿದ್ದನಂತೆ. ಮಳೆನೀರಿಗೆ ಡ್ರಮ್ಮು, ಕುಂಡಕ್ಕೆ ತಟ್ಟೆ, ಬಿಸಿಲು ಹೆಚ್ಚಾದೀತೆಂದು ಮೇಲೊಂದು ಹಸಿರು ಬಲೆ. ಬಿರುಬಿಸಿಲಿನ ಬಂಡೆಯ ಮೇಲೆ ಹುಟ್ಟಿದ ಗಿಡಕ್ಕೆ ಕೊಡೆ ಹಿಡಿದರು ನಮ್ಮ ಅಕ್ಕೋರು!

ಮೊಳಕೆ ಬಂತು. ಬಂದದ್ದರಲ್ಲಿ ಕೆಲವು ಕೆಂಪು, ಕೆಲವು ಹಸಿರು. ಅಕ್ಕೋರಿಗೆ ಒಂದು ಗಳಿಗೆಯೂ ಅನುಮಾನ ಬರಲಿಲ್ಲ. ಹಟ್ಟಿಕೇರಿಯದು ಕೆಂಪು. ಹಸಿರು ಬಂತೆಂದರೆ ಕಲಬೆರಕೆ. ಶ್ರಾವಣ ಬಂತೆಂದರೆ ಮಣೆ ಹಾಕಿ ಕುಂಡಗಳೆದುರು ಕೂತು, ಕನ್ನಡಕ ಮೂಗಿಗಿಳಿಸಿ, ಹಸಿರು ಕಂಡದ್ದನ್ನೆಲ್ಲ ಹೂ ಬಿಡುವ ಮೊದಲೇ ಬುಡದ ಮಣ್ಣಿನ ಸಮೇತ ಚಿಮುಟದಿಂದ ಕೀಳುತ್ತಿದ್ದರು. ಹೂ ಬಿಟ್ಟರೆ ಪರಾಗ ಬೆರೆತು ಕುಲಗೆಟ್ಟೀತು! ಕಿತ್ತದ್ದನ್ನು ಒಡೆದ ಬಕೆಟ್ಟಿನಲ್ಲಿ ಹಾಕಿ ಗೋಡೆಯಾಚೆ ಸುರಿಯುತ್ತಿದ್ದರು. ವರ್ಷ ವರ್ಷವೂ ಕುಂಡಗಳಲ್ಲಿ ಹಸಿರು ಕಡಿಮೆಯಾಗುತ್ತ, ಕೆಂಪು ಹೆಚ್ಚುತ್ತ ಬಂತು. "ನೋಡಿ, ತಳಿ ಶುದ್ಧ ಆಗ್ತಾ ಇದ್ದು" ಎಂದು ಗಂಡನೆದುರು ಎದೆ ಉಬ್ಬಿಸಿದರು. ಪರಮೇಶ್ವರರು ಪೇಪರಿನಿಂದ ತಲೆ ಎತ್ತದೆ ಹೂಂ ಎಂದರು.

ಗೋಡೆಯಾಚೆ ಎಂದರೆ ಗಂಗಿಯ ಹಿತ್ತಲು.

ಗಂಗಿ ಅಂಕೋಲೆಯ ಕಡೆಯ ಗೌಡರ ಮನೆಯವಳು. ಗಂಡ ಹುಲಿಯಾ ಗೂಡ್ಸ್ ರಿಕ್ಷಾ ಓಡಿಸುತ್ತಾನೆ, ಇವಳು ಬೆಳಿಗ್ಗೆ ಒಂದು ಹೊಟೇಲಿನಲ್ಲಿ ಅಡುಗೆಗೆ ಹೋಗಿ ಮಧ್ಯಾಹ್ನಕ್ಕೆ ಮನೆಗೆ ಬರುತ್ತಾಳೆ. ಬಂದವಳೇ ಹಿತ್ತಲ ಕಲ್ಲಿನ ಮೇಲೆ ಮೀನು ಹೆಚ್ಚಿ ತೊಳೆದು, ಆ ನೀರನ್ನು ಒಂದು ಹನಿಯೂ ಚೆಲ್ಲದೆ ಗಿಡಗಳಿಗೆ ಹಾಕುತ್ತಾಳೆ. ನಮ್ಮ ಕರಾವಳಿಯಲ್ಲಿ ಮೀನು ತಿನ್ನುವ ಮನೆಗಳಲ್ಲಿ ಮೀನು ತೊಳೆದ ನೀರನ್ನು ಯಾರೂ ಗಟಾರಕ್ಕೆ ಚೆಲ್ಲುವುದಿಲ್ಲ. ಅದರಿಂದಲೇ ಗಂಗಿಯ ಅಬ್ಬಲಿಗೆ ಹೂ ಗೊಂಚಲು ಗೊಂಚಲಾಗಿ ಬಿಡುತ್ತಿತ್ತು, ಬಸಳೆ ಚಪ್ಪರ ಹರಿದು ಬೀಳುವಷ್ಟು ಹಬ್ಬುತ್ತಿತ್ತು. ಅಕ್ಕೋರಿಗೆ ಅದು ಕಣ್ಣಿಗೆ ಬೀಳುತ್ತಿರಲಿಲ್ಲ, ಮೂಗಿಗೆ ಮಾತ್ರ ಬೀಳುತ್ತಿತ್ತು. ಕಿಟಕಿಯನ್ನು ಗಂಗಿಗೆ ಕೇಳುವ ಹಾಗೆ ಧಡಾರನೆ ಮುಚ್ಚುತ್ತಿದ್ದರು.

ಒಂದು ವರ್ಷ ಮಗಳು ಪೂಜಾಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಗಂಗಿ ಒಂದೇ ಒಂದು ಗಿಡ ಕೇಳಿದ್ದಳು. ಗೇಟಿನೊಳಗೂ ಬರದೆ, ಗೋಡೆಯ ಮೇಲಿಂದ ಕತ್ತು ಚಾಚಿ, ಹೆದರಿ ಹೆದರಿ ಕೇಳಿದ್ದಳು.

"ನಿನ್ನ ಹಿತ್ಲಲ್ಲಿ ಇದು ಬದುಕೂ ಗಿಡ ಅಲ್ಲ ಗಂಗಿ" ಎಂದಿದ್ದರು ಅಕ್ಕೋರು. "ನೋಡೂಕೆ ಬೇಕಾದ್ರೆ ಹುಡುಗೀನ ಕಳಿಸು. ದೂರ ನಿಂತು ನೋಡ್ಕಂಡು ಹೋಗ್ಲಿ."

ಪೂಜಾ ಬರಲಿಲ್ಲ. ಹುಡುಗಿಗೂ ಮಾನ ಇರುತ್ತದಲ್ಲ.

ಅದಾದ ಮರುವರ್ಷವೇ ಆ ಅನಾಹುತ ನಡೆದದ್ದು. ಅಕ್ಕೋರು ಗಂಡನ ಜೊತೆ ಸುಂಕಸಾಳಕ್ಕೆ ಹೋಗಿ, ಮಳೆಗೆ ರಸ್ತೆ ಕಟ್ಟಿ ಅಲ್ಲೇ ಉಳಿಯಬೇಕಾಯಿತು. ಗೋಡೆಯ ಅಂಚಿನ ಮೇಲೆ ಇಟ್ಟಿದ್ದ ಕುಂಡಗಳ ಗಿಡ ಗಂಗಿಯ ಕಣ್ಣಿಗೆ ಬಡಕಲಾಗಿ ಕಂಡಿತು. ಆ ಗಿಡ ಇರುವುದೇ ಹಾಗೆ ಎಂದು ಅವಳಿಗೆ ಹೇಳಿದವರಾದರೂ ಯಾರು? ಅಯ್ಯೋ ಪಾಪ ಎಂದು ಬಂಗಡೆ ತೊಳೆದ ನೀರನ್ನು ಚೊಂಬಿನಲ್ಲಿ ಎತ್ತಿ ಎತ್ತಿ ಹಾಕಿದಳು. ಅಕ್ಕೋರು ಬಂದು ನೋಡುವಾಗ ಆ ಕುಂಡಗಳಲ್ಲಿ ಬೂಸಲು ಹಿಡಿದು, ಗಿಡವೆಲ್ಲ ಕೊಳೆತು, ಮೇಲೆ ನೊಣ ಕೂತಿದ್ದವು. ನೊಣ ತಿನ್ನುವ ಗಿಡವನ್ನು ನೊಣ ತಿನ್ನುತ್ತಿತ್ತು!

"ಏನೇ ಗಂಗಿ, ಮಳ್ಳು ಹಿಡಿದಿದ್ಯಾ ನಿಂಗೆ?" ಅಕ್ಕೋರ ದನಿ ರಸ್ತೆಯ ತಿರುವಿನವರೆಗೆ ಹೋಯಿತು.

"ಸಾಯ್ತೆ ಅಂಬು ಹಂಗೆ ಕಾಣ್ತಿತ್ತು ಅಕ್ಕೋರೆ. ಅದ್ಕೆ ಹಾಕ್ದೆ. ನಮ್ಮ ಅಬ್ಬಲಿಗಿ ನೋಡ್ರಾ, ಹ್ಯಾಂಗೆ ಬಂದದೆ."

"ನಿನ್ನ ನಾರೂ ನೀರನ್ನ ನನ್ನ ಗಿಡಕ್ಕೆ ಹಾಕೂಕೆ ನಿಂಗೆ ಹೇಳಿದ್ದು ಯಾರು?"

ಗಂಗಿಗೂ ಸಿಟ್ಟು ಬಂತು. "ನಾವು ಮೀನು ತಿಂದ್ರೆ ನಾತ, ನಿಮ್ಮ ಗಿಡ ನುಸಿ ತಿಂದ್ರೆ ವಿಜ್ಞಾನವಾ?"

ಅಕ್ಕೋರ ಉರಿ ಇಮ್ಮಡಿಯಾಯಿತು. ತೋಳೆರಡನ್ನೂ ಅಗಲಕ್ಕೆ ಚಾಚಿ, "ಇಷ್ಟು! ಈ ಗೋಡೆಯಿಂದ ಒಂದು ಮಾರು! ಅದರೊಳಗೆ ನಿನ್ನ ನೀರಿನ ಒಂದು ಹನಿ ಬೀಳಕೂಡ್ದು, ನಿನ್ನ ಪೊರಕೆ ಬರಕೂಡ್ದು, ಗೊಬ್ಬರ ಬರಕೂಡ್ದು. ಬಂತೋ, ನಾ ಸುಮ್ನೆ ಇರೂದಿಲ್ಲ" ಎಂದು ಕಿರುಚಿದರು. ಜಾಗ ಗಂಗಿಯದು ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ.

ಹುಲಿಯಾ ಸಂಜೆ ಬಂದು, "ನಮ್ಮ ಜಾಗಕ್ಕೆ ಅವರದೆಂತ ಕಾನೂನು?" ಎಂದು ಎಗರಾಡಿದ. ಗಂಗಿಯೇ ಅವನನ್ನು ತಡೆದಳು. ದಿನ ಬೆಳಗಾದರೆ ಆ ಬಾಯಿ ಕೇಳುವವಳು ತಾನಲ್ಲವೇ? ಒಂದು ಮಾರು ಜಾಗ ಹೋದರೆ ಹೋಗಲಿ ಎಂದುಕೊಂಡಳು. ಅಂದಿನಿಂದ ಅವಳು ಗೋಡೆಯ ಹತ್ತಿರ ಹೋದವಳಲ್ಲ. ಗೋಡೆಯ ಬುಡದ ಚಿರೆಕಲ್ಲಿನ ಪಟ್ಟಿ ಪಾಚಿಗಟ್ಟಿ ಖಾಲಿ ಬಿತ್ತು. ಅಕ್ಕೋರು ಮಾತ್ರ ತಮ್ಮ ಒಡೆದ ಬಕೆಟ್ಟನ್ನು ಆಚೆ ಬಗ್ಗಿಯೂ ನೋಡದೆ ಅದೇ ಪಟ್ಟಿಯ ಮೇಲೆ ತಪ್ಪದೆ ಸುರಿಯುತ್ತ ಬಂದರು.

ಈ ವರ್ಷ ಅಕ್ಕೋರ ಭಾಗ್ಯ ತೆರೆಯುವ ಸೂಚನೆ ಕಂಡಿತು. ಧಾರವಾಡದಲ್ಲಿ ಸಸ್ಯಗಳನ್ನು ಒಣಗಿಸಿ, ಹೆಸರು ಗುರುತಿಸಿ, ಸಂಗ್ರಹಿಸಿಡುವ ಕೆಲಸದಲ್ಲಿದ್ದ ಪ್ರದೀಪ ಫೋನು ಮಾಡಿದ. ಅಂಕೋಲೆಯವನು, ಅಕ್ಕೋರ ಹಳೆಯ ಶಿಷ್ಯ. ಏಕದಳ ಯಾವುದು, ದ್ವಿದಳ ಯಾವುದು ಎಂದು ಹೇಳಲಾರದೆ ಬೆಂಚಿನ ಮೇಲೆ ನಿಂತವನು. ಹಟ್ಟಿಕೇರಿಯ ಗಿಡದ ಬಗ್ಗೆ ಬಳಗದಲ್ಲಿ ಅಕ್ಕೋರು ಬರೆದದ್ದನ್ನು ಯಾರೋ ಅವನಿಗೆ ಕಳಿಸಿದ್ದರು. ಹೂ ಬಿಡುವ ಕಾಲಕ್ಕೆ ಬಂದು ನೋಡುತ್ತೇನೆ, ನಿಜವಾಗಿ ಬೇರೆ ಬಗೆಯೇ ಆಗಿದ್ದರೆ ಮಾದರಿ ಒಯ್ದು ನಿಮ್ಮ ಹೆಸರಿನಲ್ಲೇ ದಾಖಲು ಮಾಡುತ್ತೇನೆ ಎಂದ.

"ಆ ಬೆಪ್ಪನಿಗೆ ಎಂತ ಗೊತ್ತಾಗ್ತು?" ಎಂದು ಗಂಡನೆದುರು ಮೂಗು ಮುರಿದರೂ ಅಕ್ಕೋರ ನಿದ್ದೆ ಹಾರಿಹೋಯಿತು. ಕರವಸ್ತ್ರದಲ್ಲಿ ಕಟ್ಟಿ ತಂದ ಆ ಚೂರು ಬೀಜ, ಇಷ್ಟು ವರ್ಷದ ಕಣ್ಣುರಿ, ಬೆನ್ನುನೋವು, ಎಲ್ಲಕ್ಕೂ ಈಗ ಉತ್ತರ ಸಿಗಲಿತ್ತು. ಬಳಗದಲ್ಲಿ ಮುಂಚಿತವಾಗಿಯೇ ಸಾರಿಬಿಟ್ಟರು. "ಹಟ್ಟಿಕೇರಿಯ ಡ್ರೊಸೆರಾ ಬದುಕಿದೆ. ನನ್ನಲ್ಲಿ ಮಾತ್ರ ಇದೆ. ತಜ್ಞರು ಬಂದು ಪ್ರಮಾಣೀಕರಿಸಲಿದ್ದಾರೆ. ಸಬ್ಬಸಿಗೆಯವರು ಗಮನಿಸಬೇಕು."

ಪ್ರದೀಪ ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಬಂದ. ತಲೆ ಬೋಳಾಗಿದ್ದರೂ ಅಕ್ಕೋರ ಮುಂದೆ ನಿಂತಾಗ ಕೈ ತಾನಾಗಿ ಹಿಂದೆ ಕಟ್ಟಿಕೊಂಡಿತು. ಡ್ರೊಸೆರಾದ ಹೂ ಬೆಳಗಿನ ಹೊತ್ತು ಮಾತ್ರ ಅರಳಿರುತ್ತದೆ, ಚಹಾ ಆಮೇಲೆ ಕುಡಿಯೋಣ ಎಂದು ಸೀದಾ ಹಿತ್ತಲಿಗೆ ನಡೆದ. ಮಂಡಿಯೂರಿ, ಕುತ್ತಿಗೆಗೆ ಕಟ್ಟಿಕೊಂಡ ಪುಟ್ಟ ಮಸೂರವನ್ನು ಕಣ್ಣಿಗಿಟ್ಟು, ಒಂದು ಕುಂಡ ನೋಡಿದ. ಇನ್ನೊಂದು ನೋಡಿದ. ಕೊನೆಯ ಕುಂಡದವರೆಗೂ ಹೋಗಿ ಮತ್ತೆ ಮೊದಲನೆಯದಕ್ಕೆ ಬಂದ. ಅಕ್ಕೋರು ಸೆರಗು ಹೊದ್ದು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ನಿಂತಿದ್ದರು. ಗೋಡೆಯಾಚೆ ಗಂಗಿ ಮೀನು ಹೆಚ್ಚುವ ಸದ್ದು ಕೇಳುತ್ತಿತ್ತು. ಭಾನುವಾರ ಅವಳಿಗೆ ಹೊಟೇಲಿಗೆ ರಜೆ.

"ಅಕ್ಕೋರೆ" ಎಂದ ಪ್ರದೀಪ, ಏಳದೆಯೇ. "ಇದು ಮಾಮೂಲಿ ಇಂಡಿಕಾ."

"ಎಂತದು?"

"ಇಂಡಿಕಾ ಅಕ್ಕೋರೆ. ಎಲ್ಲವೂ."

ಅಕ್ಕೋರು ನಕ್ಕರು. "ಏ ತಮಾ, ನಿಂಗೆ ಆವತ್ತೂ ಬೀನ್ಸು ಯಾವ್ದು, ಜೋಳ ಯಾವ್ದು ಗೊತ್ತಾಗಿರಲಿಲ್ಲ. ಬಣ್ಣ ಕಾಣೂದಿಲ್ವಾ? ಬುಡದಿಂದ ತುದಿವರೆಗೆ ಕೆಂಪು."

"ಬಣ್ಣ ಬಿಸಿಲಿಂದು ಅಕ್ಕೋರೆ. ಅದನ್ನ ನಂಬೂಕಾಗೂದಿಲ್ಲ. ಹಟ್ಟಿಕೇರಿಲಿ ತೆಗೆದ ಫೋಟೋ ಇದ್ಯಾ?"

ಇದೆಯೇ ಎಂದು ಕೇಳುತ್ತಾನೆ! ಅಕ್ಕೋರು ಜಗಲಿಗೆ ಹೋಗಿ, ಸ್ಟೂಲು ಹತ್ತಿ, ದೇವರ ಸಾಲಿನಿಂದ ಪಟವನ್ನೇ ಇಳಿಸಿ ತಂದು ಅವನ ಕೈಗೆ ತುರುಕಿದರು. ಪ್ರದೀಪ ಗಾಜಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದ. ನೋಡಿದವನ ಮುಖ ಅರಳಿತು.

"ನಿಮ್ಮ ಕಣ್ಣು ಸುಳ್ಳಲ್ಲ ಅಕ್ಕೋರೆ, ಇದು ಬೇರೇನೇ. ಇಲ್ನೋಡಿ, ಎಲೆ ಕಾಂಡಕ್ಕೆ ಸೇರೂ ಜಾಗ. ಬುಡದಾಗೆ ಒಂದು ಉಗುರಿನಷ್ಟು ನುಣ್ಣಗದೆ. ಅಂಟಿನ ಕೂದಲೇ ಇಲ್ಲ. ಇಂಡಿಕಾದಲ್ಲಿ ಬುಡದವರೆಗೂ ಕೂದಲು ಇರ್ತದೆ." ಮಸೂರವನ್ನು ಕುತ್ತಿಗೆಯಿಂದ ತೆಗೆದು ಅವರತ್ತ ಚಾಚಿದ. "ಈಗ ಕುಂಡದ್ದು ನೋಡಿ."

ಅಕ್ಕೋರು ನೋಡಿದರು. ಕೆಂಪು ಎಲೆ, ಕಾಂಡಕ್ಕೆ ತಾಗುವವರೆಗೂ ಕೂದಲು, ಕೂದಲಿನ ತುದಿಗೆ ಹನಿ. ಪಕ್ಕದ ಕುಂಡ ನೋಡಿದರು. ಅದೇ. ಅದರ ಪಕ್ಕದ್ದೂ ಅದೇ. ಪ್ರತಿದಿನ ದೇವರಿಗೆ ದೀಪ ಹಚ್ಚುವಾಗ ಕಣ್ಣೆದುರಿಗೇ ಇದ್ದ ಪಟ. ಬಣ್ಣ ನೋಡಿ ಮೈಮರೆತವರು ಬುಡ ನೋಡಿರಲಿಲ್ಲ.

"ಹಾಗಾದ್ರೆ ಇದು ಎಲ್ಲಿಂದ ಬಂತು?" ಎಂದರು.

"ಮರಳು ಎಲ್ಲಿದು?"

ಉತ್ತರ ಕೊಟ್ಟದ್ದು ಬಾಗಿಲಲ್ಲಿ ನಿಂತಿದ್ದ ಪರಮೇಶ್ವರರು. "ಸುಂಕಸಾಳದ್ದು. ಹಳ್ಳದ ದಂಡೆದು. ನಾನೇ ಹೊತ್ಕಂಡು ಬಂದದ್ದು."

"ಆ ದಂಡೆ ತುಂಬಾ ಇಂಡಿಕಾನೇ ಇರ್ತದೆ. ಮರಳಿನ ಸಂಗ್ತಿಗೆ ಬೀಜ ಬಂದದೆ. ಬಲೆಯ ಅರೆನೆರಳಲ್ಲೂ ಅದು ಸುಮಾರು ಕೆಂಪಾಗ್ತದೆ. ಹಟ್ಟಿಕೇರಿದು ಉರಿಬಿಸಿಲು ಬೀಳದೆ ಕೆಂಪಾಗೂದಿಲ್ಲ ಅಂತ ಕಾಣ್ತದೆ." ಪ್ರದೀಪ ಮೇಲಿನ ಹಸಿರು ಬಲೆಯನ್ನು ನೋಡಿದ, ಅಕ್ಕೋರನ್ನು ನೋಡಿದ, ಕೇಳಲು ಹೆದರುತ್ತಲೇ ಕೇಳಿದ. "ಕುಂಡದಲ್ಲಿ ಹಸಿರು ಗಿಡ ಬರ್ತಿರಲಿಲ್ವಾ ಅಕ್ಕೋರೆ?"

"ಬರ್ತಿತ್ತು."

"ಎಂತ ಮಾಡಿದ್ರಿ?"

ಅಕ್ಕೋರು ಗೋಡೆಯ ಕಡೆ ಕೈ ಮಾಡಿದರು.

ಪ್ರದೀಪ ಗೋಡೆಯ ಮೇಲೆ ಬಾಗಿ ನೋಡಿ, "ಅಯ್ಯಬ್ಬಾ" ಎಂದ.

ಗೋಡೆಯಿಂದ ನೀರು ಜಿನುಗುವ ಚಿರೆಕಲ್ಲಿನ ಪಟ್ಟಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಡ್ರೊಸೆರಾ ಹಬ್ಬಿತ್ತು. ಗೋಡೆಯ ನೆರಳಿನಲ್ಲಿದ್ದದ್ದು ಹಸಿರು. ಬಿಸಿಲು ಬೀಳುವ ಅಂಚಿನಲ್ಲಿದ್ದದ್ದು ಕುಂಕುಮದಂಥ ಕೆಂಪು. ನಡುವೆ ಎರಡೂ ಬೆರೆತದ್ದು. ಎಲ್ಲ ಅರಳಿ ನಿಂತಿದ್ದವು. ಪ್ರದೀಪ ಗೋಡೆ ಹಾರಿ ಇಳಿದು, ಮಸೂರ ಹಿಡಿದು ಬಗ್ಗಿದ. ಎದ್ದು ನಿಂತಾಗ ಅವನ ಕಣ್ಣು ಒದ್ದೆಯಾಗಿತ್ತು. "ಇದೇ ಅಕ್ಕೋರೆ. ಬುಡ ನುಣ್ಣಗದೆ. ಹಟ್ಟಿಕೇರಿದು ಇದೇ."

ಮೀನಿನ ಕೈಯಲ್ಲೇ ಗಂಗಿ ಓಡಿ ಬಂದಳು. ಬಂದವಳು ಒಂದು ಮಾರು ದೂರದಲ್ಲಿ ಗಕ್ಕನೆ ನಿಂತಳು. ಅಭ್ಯಾಸ.

"ಯಾರದು? ಅಲ್ಲಿ ಕಾಲು ಇಡಬೇಡ್ರಾ! ಅಕ್ಕೋರು ಬೈತ್ರು!"

"ನೀವು ಇದನ್ನ ಕೀಳಲೇ ಇಲ್ವಾ ಅಕ್ಕ?" ಎಂದ ಪ್ರದೀಪ.

"ಯಾಕೆ ಕೀಳೂದು? ಅಕ್ಕೋರು ಅಷ್ಟು ಜಾಗದೊಳಗೆ ನೀರು ಹಾಕಬೇಡ, ಗುಡಿಸಬೇಡ, ಗೊಬ್ಬರ ಹಾಕಬೇಡ ಅಂದಿದ್ರು. ನಾ ಹಾಕ್ಲಿಲ್ಲ. ಮತ್ತೆ ಬಾಯಿ ಕೇಳೂದು ಯಾರು?" ಗಂಗಿ ಗೋಡೆಯ ಮೇಲಿನ ಅಕ್ಕೋರ ಮುಖ ನೋಡಿದಳು. "ನಂಗೆ ಹೆದರಿಕೆ ಅಷ್ಟೇ ರಾ. ಇದು ಎಂತದು ಅಂತ ನಂಗೇನು ಗೊತ್ತು?"

ಪ್ರದೀಪ ಹೇಳಿದ. ಬಯಲು ಹೋದದ್ದು, ಬೀಜ ಬಂದದ್ದು, ಅಕ್ಕೋರು ಕಿತ್ತೆಸೆದದ್ದು, ಎಲ್ಲವನ್ನೂ ಅಂಕೋಲೆಯ ಮಾತಿನಲ್ಲಿ ಬಿಡಿಸಿ ಹೇಳಿದ. ಗಂಗಿ ಕೇಳುತ್ತ ಕೇಳುತ್ತ ಗಿಡ ನೋಡಿದಳು, ಅಕ್ಕೋರ ಸಾಲು ಕುಂಡ ನೋಡಿದಳು, ಪಕಪಕನೆ ನಕ್ಕಳು. ಆ ನಗುವಿನಲ್ಲಿ ಕರುಣೆ ಕಿಂಚಿತ್ತೂ ಇರಲಿಲ್ಲ. ಯಾಕಿರಬೇಕು?

ಮಾದರಿಗೆಂದು ಪ್ರದೀಪ ಕೆಲವೇ ಗಿಡಗಳನ್ನು ಅವಳ ಒಪ್ಪಿಗೆ ಕೇಳಿ ತೆಗೆದು ಕಾಗದದ ನಡುವೆ ಇಟ್ಟ. ಎಲ್ಲಿ ಸಿಕ್ಕಿತು, ಯಾರ ಜಾಗ ಎಂದು ಬರೆಯಬೇಕಿತ್ತು. ಅವನ ಪೆನ್ನು ತಡೆಯಿತು. ಹಟ್ಟಿಕೇರಿಯಲ್ಲಿ ಮೊದಲು ಕಂಡವರು ನೀವೇ ಎಂದು ಬರೆಯುತ್ತೇನೆ ಅಕ್ಕೋರೆ ಎಂದ. ಆದರೆ ಬದುಕಿರುವ ಗಿಡದ ಜಾಗದಲ್ಲಿ ಗಂಗಿ ಹುಲಿಯಾ ಗೌಡ, ಹಬ್ಬುವಾಡ ಎಂದೇ ಬರೆಯಬೇಕಾಯಿತು. ಬೇರೆ ಬರೆದರೆ ಸುಳ್ಳಾಗುತ್ತಿತ್ತು. ಚಹಾ ಕುಡಿಯದೆಯೇ ಅವನು ಹೊರಟ. ಪಾಪ, ಕುಡಿಯುವುದಾದರೂ ಹೇಗೆ?

ಅಕ್ಕೋರು ಗೋಡೆ ಹಿಡಿದು ನಿಂತೇ ಇದ್ದರು. ಆಚೆ ಬಿಸಿಲು ಏರಿ, ಹೂಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಹಟ್ಟಿಕೇರಿಯ ಬಯಲು ಹೋದ ದಿನ ಬಸ್ಸಿನಲ್ಲಿ ಬಂದ ಅಳು ಈಗಲೂ ಬಂತು, ಆದರೆ ಇದು ಬೇರೆ ಅಳು. ಇದರಲ್ಲಿ ಬೈಯಲು ಲಾರಿಯವರೂ ಇರಲಿಲ್ಲ.

"ಗಂಗಿ" ಎಂದರು. ಜೀವಮಾನದಲ್ಲಿ ಯಾರನ್ನೂ ಕೇಳದಿದ್ದದ್ದನ್ನು ಕೇಳಿದರು. "ನಂಗೆ ಒಂದು ಗಿಡ ಕೊಡ್ತ್ಯಾ?"

ಗಂಗಿ ಕೈಯ ಮೀನಿನ ಪರೆಯನ್ನು ಸೀರೆಯ ಅಂಚಿಗೆ ಒರೆಸಿದಳು. ಅವಸರ ಮಾಡಲಿಲ್ಲ.

"ಕೊಡೂಕೆ ಅಡ್ಡಿಲ್ಲ ಅಕ್ಕೋರೆ. ಆದ್ರೆ ನಿಮ್ಮ ಹಿತ್ಲಲ್ಲಿ ಇದು ಬದುಕೂ ಗಿಡ ಅಲ್ಲ. ಹಸಿರು ಕಂಡ್ರೆ ನೀವು ಕಿತ್ತು ಎಸೀತ್ರಿ. ನೋಡೂಕೆ ಬೇಕಾದ್ರೆ ಬನ್ನಿ. ದೂರ ನಿಂತು ನೋಡ್ಕಂಡು ಹೋಗಿ."

ಬಳಗದಲ್ಲಿ ಅಂದು ದಿನವಿಡೀ "ಏನಾಯ್ತು ಅಕ್ಕೋರೆ?" ಎಂದು ಪ್ರಶ್ನೆ ಬರುತ್ತಲೇ ಇತ್ತು. ಸಬ್ಬಸಿಗೆಯಾಕೆ ಎರಡು ಸಲ ಕೇಳಿದಳು. ಅಕ್ಕೋರು ಫೋನನ್ನು ಮಗುಚಿ ಇಟ್ಟರು.

ಮರುದಿನ ಬೆಳಿಗ್ಗೆ ಹೂ ಅರಳುವ ಹೊತ್ತಿಗೆ ಅವರು ಗೇಟು ತೆಗೆದು, ರಸ್ತೆ ಸುತ್ತಿ, ನೆರೆಮನೆಯ ಗೇಟಿನೆದುರು ಹೋಗಿ ನಿಂತರು. ಇಷ್ಟು ವರ್ಷ ನೆರೆಯಲ್ಲಿದ್ದು ಆ ಗೇಟನ್ನು ಅವರು ಮುಟ್ಟಿದ್ದು ಅದೇ ಮೊದಲು. ಹೊಟೇಲಿಗೆ ಹೊರಟಿದ್ದ ಗಂಗಿ ಚಿಲಕ ತೆಗೆದು ಬದಿಗೆ ಸರಿದಳು. ಹಿತ್ತಲ ತುಂಬ ಮೀನಿನ ವಾಸನೆ ಇತ್ತು, ಅಬ್ಬಲಿಗೆ ಇತ್ತು, ಬಸಳೆ ಇತ್ತು. ಅಕ್ಕೋರು ಮೂಗು ಮುಚ್ಚಿಕೊಳ್ಳಲಿಲ್ಲ. ಗೋಡೆಯಿಂದ ಸರಿಯಾಗಿ ಒಂದು ಮಾರು ಬಿಟ್ಟು ನಿಂತು, ಕನ್ನಡಕವನ್ನು ಮೂಗಿಗೇರಿಸಿ, ಕಣ್ಣು ಕಿರಿದು ಮಾಡಿ ನೋಡಿದರು. ಅಷ್ಟು ದೂರದಿಂದ ಎಲೆಯ ಬುಡ ಕಾಣುತ್ತಿರಲಿಲ್ಲ.